ಹೀಟರ್ ನಿಮ್ಮ ಮೇಜಿನ ಕೆಳಗೇ ಇದೆ: ಬೆಳಗಾವಿಯ ಬಾಡಿಗೆ ರೂಮುಗಳ ತರುಣರಿಗೆ ಬಹಿರಂಗ ಪತ್ರ



ಖಾನಾಪುರ, ಬೈಲಹೊಂಗಲ, ಗೋಕಾಕ, ಸವದತ್ತಿ ಕಡೆಯಿಂದ ಓದಲೆಂದು ಬಂದು ಟಿಳಕವಾಡಿ, ಅನಗೋಳ, ವಡಗಾವಿ, ಹನುಮಾನ ನಗರ, ಮಚ್ಛೆಯ ಸುತ್ತಮುತ್ತ ರೂಮು ಹಿಡಿದಿರುವ ನಿಮಗೆಲ್ಲ ಈ ಪತ್ರ. ನಿಮ್ಮಲ್ಲಿ ಅನೇಕರು ಗೇಮಿಂಗ್ ಕಂಪ್ಯೂಟರ್ ಇಟ್ಟುಕೊಂಡಿದ್ದೀರಿ. ಕಾರ್ತಿಕ ಕಳೆದು ಥಂಡಿ ಹತ್ತಿತೆಂದರೆ ಅದೇ ರೂಮಿಗೆ ಕೆಲವರು ಕಾಯಿಲ್ ಹೀಟರ್ ತರುತ್ತೀರಿ, ಕೆಲವರು ಶೆಗಡಿಯಲ್ಲಿ ಇದ್ದಿಲು ಹೊತ್ತಿಸುತ್ತೀರಿ. ನಾನು ಹೇಳಬೇಕಾದದ್ದು ಇಷ್ಟು. ಕಂಪ್ಯೂಟರಿನಲ್ಲಿ ನೀವು ಆಡುವಷ್ಟು ಹೊತ್ತೂ ಅದೊಂದು ಹೀಟರೇ ಆಗಿರುತ್ತದೆ. ಅದರ ಕಾವಿಗೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ಚಳಿಗಾಲದಲ್ಲಿ ಮೊದಲು ಅದನ್ನು ಬಳಸಿಕೊಳ್ಳಿ. ಅದು ಸಾಲದಾದಾಗ ಮಾತ್ರ ಮುಂದಿನ ಮಾತು.

ಶೆಗಡಿಯ ಮಾತನ್ನು ಮೊದಲು ಮುಗಿಸುತ್ತೇನೆ, ಅದು ಜೀವದ ಮಾತು. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿಯ ಅಮನ್ ನಗರದಲ್ಲಿ ಇದ್ದಿಲು ಹೊತ್ತಿಸಿ, ಬಾಗಿಲು ಮುಚ್ಚಿಕೊಂಡು ಮಲಗಿದ ಯುವಕರಲ್ಲಿ ಮೂವರು ಬೆಳಗ್ಗೆ ಏಳಲಿಲ್ಲ. ನಿಮ್ಮದೇ ವಯಸ್ಸಿನವರು. ಇದ್ದಿಲು ಉರಿಯುವಾಗ ಹೊಗೆ ಕಾಣದಿರಬಹುದು, ಆದರೆ ಗಾಳಿ ಸಾಲದ ಕೋಣೆಯಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆ ಭಾರವಾಗುತ್ತದೆ, ನಿದ್ದೆ ಬಂದಂತಾಗುತ್ತದೆ, ಎದ್ದು ಬಾಗಿಲು ತೆಗೆಯುವ ಶಕ್ತಿ ಉಳಿಯುವುದಿಲ್ಲ. ಹಳ್ಳಿಯ ಹಂಚಿನ ಮನೆಯಲ್ಲಿ ಅಜ್ಜಿ ಶೆಗಡಿ ಮುಂದೆ ಕೂತು ಮೈ ಕಾಯಿಸಿಕೊಂಡದ್ದನ್ನು ನೀವು ನೋಡಿದ್ದೀರಿ. ಆ ಮನೆಯ ಹಂಚಿನ ಸಂದಿಗಳಲ್ಲಿ ಗಾಳಿ ಆಡುತ್ತಿತ್ತು. ನಿಮ್ಮ ಸ್ಲ್ಯಾಬಿನ ರೂಮು, ಅಲ್ಯೂಮಿನಿಯಂ ಕಿಟಕಿ, ಒತ್ತಿ ಮುಚ್ಚುವ ಬಾಗಿಲು ಹಾಗಲ್ಲ. ಮಲಗುವ ಕೋಣೆಯೊಳಗೆ ಕೆಂಡ ಬೇಡ. ಒಂದು ರಾತ್ರಿಗೂ ಬೇಡ, ಬಾಗಿಲು ಸ್ವಲ್ಪ ತೆರೆದಿಡುತ್ತೇವೆ ಎಂಬ ಸಮಾಧಾನವೂ ಬೇಡ.

ಇನ್ನು ಕಂಪ್ಯೂಟರಿಗೆ ಬರೋಣ. ನಾನು ಬಹುಕಾಲ ಇದೇ ಊರಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಿಕಲ್ ಪಾಠ ಹೇಳಿದವನು. ಎಷ್ಟು ಬ್ಯಾಚು ಬಂದರೂ ಒಂದು ಸಂಗತಿಯನ್ನು ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿ ಬರೆದು, ರೂಮಿಗೆ ಹೋದ ಮೇಲೆ ನಂಬುತ್ತಿರಲಿಲ್ಲ. ಜೇಮ್ಸ್ ಜೌಲ್ 1840ರ ದಶಕದಲ್ಲೇ ತೋರಿಸಿಕೊಟ್ಟ ಸಂಗತಿ ಅದು: ಖರ್ಚಾದ ಶಕ್ತಿ ಎಲ್ಲಿಯೂ ಮಾಯವಾಗುವುದಿಲ್ಲ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಎಳೆದ ವಿದ್ಯುತ್ತು, ಪ್ರೊಸೆಸರ್ ಎಳೆದದ್ದು, ಎಸ್‌ಎಂಪಿಎಸ್‌ನಲ್ಲಿ ನಷ್ಟವಾಯಿತು ಎನ್ನುವ ಪಾಲು, ಮಾನಿಟರಿನ ಬೆಳಕು, ಸ್ಪೀಕರಿನ ಸದ್ದು, ಇವೆಲ್ಲ ಕೊನೆಗೆ ಆ ನಾಲ್ಕು ಗೋಡೆಗಳೊಳಗೆ ಕಾವಾಗಿಯೇ ನಿಲ್ಲುತ್ತವೆ. 400 ವ್ಯಾಟ್ ಎಳೆಯುವ ಕಂಪ್ಯೂಟರ್ ರೂಮಿಗೆ 400 ವ್ಯಾಟ್ ಹೀಟರಿನಷ್ಟೇ ಕಾವು ಕೊಡುತ್ತದೆ, ಒಂದು ವ್ಯಾಟ್ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಿಮ್ಮಲ್ಲಿ ಹಲವರ ಬಳಿ ಇರುವ ಆರ್‌ಟಿಎಕ್ಸ್ 3060 ಕಾರ್ಡಿನ ರೇಟಿಂಗ್ 170 ವ್ಯಾಟ್, 4060 ಆದರೆ 115, ಉಳ್ಳವರ ಮನೆಯ 4090 ಆದರೆ 450. ಪ್ರೊಸೆಸರ್, ಮಾನಿಟರ್, ಉಳಿದದ್ದು ಸೇರಿಸಿದರೆ ಆಟದ ಹೊತ್ತಿಗೆ ಸಾಧಾರಣ ಕಂಪ್ಯೂಟರ್ 300ರಿಂದ 400 ವ್ಯಾಟಿನ ಆಸುಪಾಸಿನಲ್ಲಿರುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಹೊರಡುವ ಕಾವು ಸುಮಾರು 100 ವ್ಯಾಟ್. ಅಂದರೆ ನೀವು ಆಟಕ್ಕೆ ಕೂತಾಗ ರೂಮಿನಲ್ಲಿ ಇನ್ನೂ ಮೂರು ನಾಲ್ಕು ಮಂದಿ ಬಂದು ಕೂತ ಹಾಗೆ.

ನನ್ನ ಮಾತನ್ನು ನಂಬಬೇಕಾಗಿಲ್ಲ, ಮೀಟರ್ ಬೋರ್ಡಿನ ಹತ್ತಿರ ಹೋಗಿ ನೋಡಿ. ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬುದನ್ನು ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ಆಫ್ ಇದ್ದಾಗ ಒಂದು ನಿಮಿಷ ಎಣಿಸಿ ಬರೆದುಕೊಳ್ಳಿ. ಆಮೇಲೆ ಗೆಳೆಯನನ್ನು ಆಟಕ್ಕೆ ಕೂರಿಸಿ ಮತ್ತೆ ಎಣಿಸಿ. ಮಿಣುಕು ನಿಮಿಷಕ್ಕೆ 18-19 ಹೆಚ್ಚಾಯಿತೆಂದರೆ ನಿಮ್ಮ ಕಂಪ್ಯೂಟರ್ 350 ವ್ಯಾಟ್ ಎಳೆಯುತ್ತಿದೆ. ಆ ಲೆಕ್ಕದಲ್ಲಿ ಮೂರು ತಾಸು ಆಡಿದರೆ ಒಂದು ಯೂನಿಟ್ ಮೀರುತ್ತದೆ. ಒಂದು ಯೂನಿಟ್ ವಿದ್ಯುತ್ತು ಪೂರ್ತಿ ಕಾವಾದರೆ 860 ಕಿಲೊಕ್ಯಾಲೊರಿ. ಅಷ್ಟರಲ್ಲಿ 20 ಲೀಟರಿನ ಒಂದು ಬಕೆಟ್ ನೀರು 18 ಡಿಗ್ರಿಯಿಂದ 61 ಡಿಗ್ರಿಗೆ ಏರುತ್ತದೆ. ಪ್ರತಿ ರಾತ್ರಿ ಅಷ್ಟು ಕಾವನ್ನು ನೀವು ರೂಮಿನಲ್ಲಿ ಚೆಲ್ಲುತ್ತಿದ್ದೀರಿ, ಅದು ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆಯೂ ನೋಡಿಲ್ಲ.

ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಕಳೆದ ಚಳಿಗಾಲದಲ್ಲಿ ಅನಗೋಳದಲ್ಲಿರುವ ನನ್ನ ಸೋದರಳಿಯನ ರೂಮಿಗೆ ಹೋಗಿದ್ದೆ. ಹುಡುಗ ಟೊಪ್ಪಿಗೆ ಹಾಕಿ, ಕೌದಿ ಹೊದ್ದು, ಬೆರಳು ಮಾತ್ರ ಹೊರಗಿಟ್ಟು ಕೀಬೋರ್ಡ್ ಒತ್ತುತ್ತಿದ್ದ. ಕ್ಯಾಬಿನೆಟ್ಟನ್ನು ಮೇಜಿನ ಆಚೆ ತುದಿಯಲ್ಲಿ, ಬೆನ್ನು ಕಿಟಕಿಗೆ ಮಾಡಿ ನಿಲ್ಲಿಸಿದ್ದ. ಕಿಟಕಿಯ ಒಂದು ಗಾಜು ಒಡೆದು, ಅಲ್ಲಿಗೆ ಅಡ್ಡ ಕೊಟ್ಟ ರಟ್ಟು ಜಾರಿತ್ತು. ನಾನು ಹಿಂದೆ ಕೈ ಹಿಡಿದು ನೋಡಿದೆ: ಬಿಸಿಗಾಳಿ ನೇರ ಆ ಸಂದಿಯಿಂದ ಗಲ್ಲಿಗೆ ಹೋಗುತ್ತಿತ್ತು. ಕಾಲ ಕೆಳಗೆ ಬರಿಯ ಶಹಾಬಾದ್ ಫರಸಿ, ಮಂಜಿನಂತೆ ತಣ್ಣಗೆ. "ಮಾಮಾ, ಮುಂದಿನ ತಿಂಗಳು ಹೀಟರ್ ತಗೋತೀನಿ" ಎಂದ. ನಾವಿಬ್ಬರೂ ಕ್ಯಾಬಿನೆಟ್ ಈಚೆಗೆ ಎಳೆದು, ಬೆನ್ನು ಅವನ ಕಾಲಿನ ಕಡೆಗೆ ಬರುವಂತೆ ತಿರುಗಿಸಿದೆವು. ರಟ್ಟಿಗೆ ಟೇಪು ಹಚ್ಚಿದೆವು. ಮೂಲೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಜಮಖಾನೆ ಕಾಲ ಕೆಳಗೆ ಹಾಸಿದೆವು. ಗೋಡೆಯ ಮೇಲೆ ಉಷ್ಣಮಾಪಕವಿರುವ ಗಡಿಯಾರವೊಂದಿತ್ತು, ಅದು 18 ತೋರಿಸುತ್ತಿತ್ತು. ಅವನ ಆಟ ಮುಗಿಯುವ ಹೊತ್ತಿಗೆ 21ಕ್ಕೆ ಬಂದಿತ್ತು, ಕೌದಿ ಕುರ್ಚಿಯ ಬೆನ್ನಿಗೆ ಹೋಗಿತ್ತು. ಹೀಟರಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಅವನು ಕಿಟಕಿಗೆ ಗಾಜು ಹಾಕಿಸಿದ.

ಮೂರು ಡಿಗ್ರಿ ಎಂದರೆ ಏನು ಮಹಾ ಎನ್ನಬೇಡಿ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಈ ಊರಿನಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ ಹೊರಗೆ 13-14 ಡಿಗ್ರಿ ಇರುವುದು ಸಾಮಾನ್ಯ, ಒಮ್ಮೊಮ್ಮೆ ಇನ್ನೂ ಇಳಿಯುತ್ತದೆ. ರಾತ್ರಿ ರೂಮಿನೊಳಗೆ 18ರಲ್ಲಿ ಬೆರಳು ಸೆಟೆದುಕೊಳ್ಳುತ್ತದೆ, 21ರಲ್ಲಿ ಪೆನ್ನು ಹಿಡಿದು ಬರೆಯಬಹುದು. ನಮ್ಮ ಚಳಿ ಸ್ವೀಡನ್ನಿನ ಚಳಿಯಲ್ಲ, ಅದನ್ನು ಓಡಿಸಲು 2000 ವ್ಯಾಟ್ ಬೇಕಿಲ್ಲ. ಹತ್ತಡಿ ಹನ್ನೆರಡಡಿಯ ಸ್ಲ್ಯಾಬಿನ ರೂಮಿಗೆ, ಕಿಟಕಿ ಸರಿಯಿದ್ದರೆ, 350 ವ್ಯಾಟಿನಲ್ಲಿ ಮೂರು ನಾಲ್ಕು ಡಿಗ್ರಿ ಸಿಗುತ್ತದೆ. ಹಂಚಿನ ಮನೆಯಲ್ಲಿ ಅಷ್ಟು ಸಿಗುವುದಿಲ್ಲ, ಬಿಸಿಗಾಳಿ ಮೇಲೇರಿ ಸಂದಿಗಳಲ್ಲಿ ಹೊರಟುಹೋಗುತ್ತದೆ. ಅಂಥ ಕಡೆ ಕೋಣೆ ಕಾಯಿಸುವ ಆಸೆ ಬಿಟ್ಟು ಕಾಲು ಕಾಯಿಸಿಕೊಳ್ಳಿ: ಮೇಜಿನ ಮೂರು ಬದಿಗೆ ದಪ್ಪ ಚಾದರ ಇಳಿಬಿಟ್ಟು, ಕಾಲು ಒಳಗಿಟ್ಟು, ಕ್ಯಾಬಿನೆಟ್ಟನ್ನು ಹೊರಗೆ ನಿಲ್ಲಿಸಿ ಅದರ ಹಿಂಬದಿಯ ಬಿಸಿಗಾಳಿ ಮಾತ್ರ ಒಳಗೆ ಬರುವಂತೆ ಮಾಡಿ. ಕ್ಯಾಬಿನೆಟ್ಟೇ ಚಾದರದೊಳಗೆ ಹೋಗಬಾರದು. ತಣ್ಣನೆಯ ಗಾಳಿ ಒಳಗೆಳೆದುಕೊಳ್ಳಲು ಅದರ ಮುಂಭಾಗ ಬಯಲಿಗೇ ಇರಬೇಕು.

ಲ್ಯಾಪ್‌ಟಾಪಿನವರಿಗೆ ಒಂದು ಎಚ್ಚರಿಕೆ. ಗೇಮಿಂಗ್ ಲ್ಯಾಪ್‌ಟಾಪನ್ನು ಕೌದಿಯ ಮೇಲಿಟ್ಟು ಆಡುತ್ತೀರಿ, ಬೆಚ್ಚಗಿರುತ್ತದೆ ಎಂದು ತೊಡೆಯ ಮೇಲೂ ಇಡುತ್ತೀರಿ. ಗಾಳಿ ಎಳೆದುಕೊಳ್ಳುವ ಕಿಂಡಿಗಳು ಅದರ ಹೊಟ್ಟೆಯ ಕೆಳಗಿವೆ. ಕೌದಿ ಅವನ್ನು ಮುಚ್ಚಿದರೆ ಒಳಗಿನ ಚಿಪ್ ಬೇಯುತ್ತದೆ. ತೊಡೆಯ ಮೇಲೆ ದಿನಾ ತಾಸುಗಟ್ಟಲೆ ಇಟ್ಟವರ ಚರ್ಮದಲ್ಲಿ ಬಲೆಯಂಥ ಕಂದು ಕಲೆ ಮೂಡುವುದನ್ನು ವೈದ್ಯರು ಗುರುತಿಸಿದ್ದಾರೆ. ಹಲಗೆಯ ಮೇಲಿಟ್ಟು ಆಡಿ. ಕಾವು ಹೇಗೂ ಕೋಣೆಗೇ ಬರುತ್ತದೆ.

ಖಾನಾಪುರದ ಪಶ್ಚಿಮದಿಂದ ಬಂದ ನಿಮಗೆ ಇನ್ನೊಂದು ಉಪಯೋಗ ಹೇಳಬೇಕು. ಅದು ಚಳಿಗಾಲದ್ದಲ್ಲ, ಮಳೆಗಾಲದ್ದು. ಮಲಪ್ರಭೆ ಹುಟ್ಟುವ ಕಣಕುಂಬಿ, ಅದರಾಚೆಯ ಆಮಗಾಂವ್, ಈಚೆ ಜಾಂಬೋಟಿ, ಲೋಂಡಾ, ಗುಂಜಿ, ಭೀಮಗಡದ ಕಾಡಂಚಿನ ಊರುಗಳು ನಿಮ್ಮವು. ಕಣಕುಂಬಿ, ಆಮಗಾಂವ್ ರಾಜ್ಯದಲ್ಲೇ ಬಹಳ ಮಳೆ ಬೀಳುವ ಜಾಗಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಟ್ಟೆ ಒಣಗುವುದಿಲ್ಲ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಗೋಡೆ ಬೆವರುತ್ತದೆ. ನಮ್ಮ ಮನೆಗಳಲ್ಲಿ ಒಲೆಯ ಮೇಲೆ ಬಿದಿರು ಕಟ್ಟಿ ಬಟ್ಟೆ ಹರವುತ್ತಿದ್ದರು, ಶಾಲೆಗೆ ಹೋದರೆ ಅಂಗಿಗೆಲ್ಲ ಹೊಗೆಯ ವಾಸನೆ. ಈಗ ಆ ಮನೆಗಳಲ್ಲೂ ಮಗ ತಂದಿಟ್ಟ ಕಂಪ್ಯೂಟರ್ ಕಾಣುತ್ತದೆ. 18 ಡಿಗ್ರಿಯಲ್ಲಿ ನೂರಕ್ಕೆ 90ರಷ್ಟು ತೇವವಿರುವ ಗಾಳಿಯನ್ನು 22 ಡಿಗ್ರಿಗೆ ಕಾಯಿಸಿದರೆ ತೇವದ ಪ್ರಮಾಣ ಸುಮಾರು 70ಕ್ಕೆ ಇಳಿಯುತ್ತದೆ. ನೀರಿನ ಅಂಶ ಅಷ್ಟೇ ಇದ್ದರೂ ಗಾಳಿಗೆ ಇನ್ನಷ್ಟು ಹೀರುವ ಶಕ್ತಿ ಬರುತ್ತದೆ. ಆದ್ದರಿಂದ ಕಂಪ್ಯೂಟರ್ ಇರುವ ಕೋಣೆಯಲ್ಲೇ ಪುಸ್ತಕದ ಕಪಾಟು ಇಡಿ, ಸರ್ಟಿಫಿಕೇಟಿನ ಪೆಟ್ಟಿಗೆ ಇಡಿ. ಬಟ್ಟೆಯ ಹಗ್ಗವನ್ನು ಯಂತ್ರದಿಂದ ನಾಲ್ಕಡಿ ದೂರ ಕಟ್ಟಿ. ಆದರೆ ಒಂದು ಕಿಟಕಿ ಸ್ವಲ್ಪ ತೆರೆದಿರಲಿ, ಬಟ್ಟೆ ಬಿಟ್ಟ ತೇವ ಹೊರಗೆ ಹೋಗಬೇಕಲ್ಲ. ಕ್ಯಾಬಿನೆಟ್ಟಿನ ಮೇಲೆ ಒದ್ದೆ ಟವೆಲ್ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಒಂದು ಹನಿ ಎಸ್‌ಎಂಪಿಎಸ್‌ಗೆ ಇಳಿದರೆ ಯಂತ್ರವೂ ಹೋಗುತ್ತದೆ, ಮುಟ್ಟಿದವನಿಗೂ ಅಪಾಯ.

ಇಷ್ಟೆಲ್ಲ ಓದಿ, ಇನ್ನು ಬೆಚ್ಚಗಿರಲು ರಾತ್ರಿಯಿಡೀ ಗೇಮ್ ಹಚ್ಚಿಡಬಹುದು ಎಂದು ಯಾರಾದರೂ ಹೊರಟರೆ, ಅದು ನಾನು ಹೇಳಿದ್ದಲ್ಲ. ಆಟಕ್ಕೋ ಓದಿಗೋ ಪ್ರಾಜೆಕ್ಟಿಗೋ ಯಂತ್ರ ಹೇಗೂ ನಡೆಯುವಾಗ ಅದರ ಕಾವು ನಿಮ್ಮ ಹಕ್ಕು. ಕಾವಿಗೋಸ್ಕರವೇ ಅದನ್ನು ನಡೆಸಿದರೆ ಸಾಧಾರಣ ಕಾಯಿಲ್ ಹೀಟರಿಗಿಂತ ಅದು ಒಂದು ಪೈಸೆಯೂ ಅಗ್ಗವಲ್ಲ, ಮೇಲೆ ದುಬಾರಿ ಯಂತ್ರ ಸವೆಯುತ್ತದೆ. ಬಿಸಿ-ತಂಪು ಎರಡೂ ಕೊಡುವ ಎಸಿ ಇದ್ದ ಮನೆಯವರಂತೂ ಈ ಯೋಚನೆಯನ್ನೇ ಮಾಡಬೇಕಿಲ್ಲ. ಅದು ಹೊರಗಿನ ಗಾಳಿಯ ಕಾವನ್ನು ಒಳಗೆ ಎಳೆದು ತರುವುದರಿಂದ ಒಂದು ಯೂನಿಟ್‌ಗೆ ಮೂರು ಯೂನಿಟ್‌ನಷ್ಟು ಕಾವು ಸಿಗುತ್ತದೆ.

ಲೈಟ್ ಬಿಲ್ಲಿನ ಲೆಕ್ಕವನ್ನೂ ನೋಡಿ. ದಿನಕ್ಕೆ ನಾಲ್ಕು ತಾಸು 350 ವ್ಯಾಟ್ ಎಂದರೆ ತಿಂಗಳಿಗೆ 42 ಯೂನಿಟ್. ಅದರ ಜೊತೆಗೆ ಅಷ್ಟೇ ಹೊತ್ತು 1000 ವ್ಯಾಟಿನ ಹೀಟರ್ ಹಚ್ಚಿದರೆ ಇನ್ನೂ 120 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದಾಗಿನಿಂದ ಹೆಸ್ಕಾಂ ಬಿಲ್ಲಿನಲ್ಲಿ 200 ಯೂನಿಟ್ ಎನ್ನುವುದು ಒಂದು ಗಡಿ. ಆ ತಿಂಗಳ ಬಳಕೆ ಅದನ್ನು ದಾಟಿತೆಂದರೆ ದಾಟಿದಷ್ಟಕ್ಕಲ್ಲ, ಪೂರ್ತಿ ಬಿಲ್ಲಿಗೆ ದುಡ್ಡು ಕಟ್ಟಬೇಕು. ಫ್ಯಾನು, ದೀಪ, ಮಿಕ್ಸರ್, ಫ್ರಿಜ್ ಸೇರಿ 60 ಯೂನಿಟ್ ಉರಿಯುವ ಒಂದು ಸಣ್ಣ ಮನೆ ಕಂಪ್ಯೂಟರ್ ಒಂದರಿಂದ 102ಕ್ಕೆ ಏರುತ್ತದೆ, ಹೀಟರ್ ಸೇರಿದರೆ 222 ಆಗುತ್ತದೆ. ನಾಲ್ಕು ಮಂದಿ ಸೇರಿ ಮನೆ ಹಿಡಿದಿದ್ದರೆ ಒಬ್ಬನ ಹೀಟರಿಗೆ ನಾಲ್ವರೂ ತೆರಬೇಕಾಗುತ್ತದೆ. ಊರಲ್ಲಿ ಕಬ್ಬು ಕಳಿಸಿ ಬಿಲ್ಲಿಗಾಗಿ ಕಾಯುತ್ತಿರುವ ಅಪ್ಪ ಕಳಿಸಿದ ದುಡ್ಡು ಅದು.

ಹೀಟರಿನ ಅಪಾಯ ಬಿಲ್ಲಿಗೇ ಮುಗಿಯುವುದಿಲ್ಲ. 2000 ವ್ಯಾಟಿನ ಹೀಟರ್ 230 ವೋಲ್ಟಿಗೆ 8.7 ಆಂಪಿಯರ್ ಎಳೆಯುತ್ತದೆ. ನಿಮ್ಮ ಎಕ್ಸ್‌ಟೆನ್ಶನ್ ಬಾಕ್ಸು 6 ಆಂಪಿಯರಿನದು. ಅದೇ ಬಾಕ್ಸಿಗೆ ಕಂಪ್ಯೂಟರ್, ಮಾನಿಟರ್, ಮೂರು ಮೊಬೈಲ್ ಚಾರ್ಜರ್. ವಾಯರ್ ಕೈಗೆ ಬಿಸಿ ಹತ್ತುತ್ತಿದ್ದರೆ, ಪ್ಲಗ್ಗಿನ ಕಾಲು ಕಂದಾಗಿದ್ದರೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಆ ಗಳಿಗೆಯಲ್ಲೇ ಮೇನ್ ತೆಗೆಯಿರಿ. ಹೀಟರ್ ಬೇಕೇಬೇಕಾದರೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟಿಗೆ ಮಾತ್ರ ಹಾಕಿ.

ಬಿಸಾಡುವ ಕಾವನ್ನು ಹಿಡಿದು ಬಳಸುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಹೊರಬಂದ ಅಸ್ತ್ರ ಒಲೆಯನ್ನು ನಿಮ್ಮ ಅವ್ವಂದಿರಲ್ಲಿ ಕೆಲವರು ಬಲ್ಲರು. ಅದರಲ್ಲಿ ಪಾತ್ರೆಗಳನ್ನು ಸಾಲಾಗಿ ಕೂರಿಸುತ್ತಿದ್ದರು. ಮೊದಲಿನವುಗಳಲ್ಲಿ ಅಡುಗೆ, ಕೊನೆಯದಕ್ಕೆ ಚಿಮಣಿಗೆ ಹೊರಟ ಬಿಸಿ ಹೊಗೆಯೇ ತಾಗಿ ನೀರು ಕಾಯುತ್ತಿತ್ತು. ಒಂದೇ ಸೌದೆ, ಎರಡು ಕೆಲಸ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೂ ಇದೇ ಯುಕ್ತಿ ಬಹಳ ದೊಡ್ಡದಾಗಿ ನಡೆಯುತ್ತದೆ. ಕಬ್ಬಿನ ಸಿಪ್ಪೆ ಉರಿಸಿ ಎಬ್ಬಿಸಿದ ಹಬೆ ಮೊದಲು ಟರ್ಬೈನ್ ತಿರುಗಿಸಿ ವಿದ್ಯುತ್ತು ಕೊಡುತ್ತದೆ, ಅಲ್ಲಿಂದ ಹೊರಬಿದ್ದ ಸಪ್ಪೆ ಹಬೆ ಕಡಾಯಿಗಳಿಗೆ ಹೋಗಿ ಕಬ್ಬಿನ ರಸ ಕುದಿಸುತ್ತದೆ. ನಿಮ್ಮಲ್ಲಿ ಮೆಕ್ಯಾನಿಕಲ್ ಓದುವವರು ಒಮ್ಮೆ ಹಂಗಾಮಿನಲ್ಲಿ ಹೋಗಿ ಅನುಮತಿ ಪಡೆದು ನೋಡಿ ಬನ್ನಿ, ಪುಸ್ತಕದ ಒಂದು ಅಧ್ಯಾಯ ಕಣ್ಣೆದುರು ನಿಲ್ಲುತ್ತದೆ. ಹೊರದೇಶಗಳಲ್ಲಿ ಈಗ ಕಂಪ್ಯೂಟರಿಗೂ ಇದೇ ಕೆಲಸ ಹಚ್ಚಿದ್ದಾರೆ. ಫಿನ್‌ಲೆಂಡಿನ ಮ್ಯಾಂತ್ಸಾಲಾ ಎಂಬ ಊರಿನ ಮನೆಗಳಿಗೆ ಪಕ್ಕದ ಡೇಟಾ ಸೆಂಟರಿನ ಕಾವು ಕೊಳವೆಯಲ್ಲಿ ಹರಿಯುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆಂದು ಕಟ್ಟಿದ ಈಜುಕೊಳಕ್ಕೂ ಒಂದು ಡೇಟಾ ಸೆಂಟರಿನ ಕಾವು ಬಂತು. ಅವರಿಗೆ ಅರ್ಧ ವರ್ಷ ಚಳಿ, ಕೊಳವೆ ಹಾಕಿದ ಖರ್ಚು ಹುಟ್ಟುತ್ತದೆ. ನಮಗೆ ಬೇಕಾದದ್ದು ಕ್ಯಾಬಿನೆಟ್ ತಿರುಗಿಸುವಷ್ಟು ಶ್ರಮ ಮಾತ್ರ.

ಅದೇ ಕಾವು ಮಾರ್ಚ್ ಬಂದ ಕೂಡಲೇ ವೈರಿ. ಆಗ ಕ್ಯಾಬಿನೆಟ್ಟಿನ ಬೆನ್ನು ಕಿಟಕಿಗೆ ಹೋಗಲಿ. ಸೆಟ್ಟಿಂಗ್ಸ್‌ನಲ್ಲಿ ಎಫ್‌ಪಿಎಸ್‌ಗೆ 60ರ ಮಿತಿ ಹಾಕಿ, ಕಾರ್ಡಿನ ಪವರ್ ಲಿಮಿಟ್ಟನ್ನು ನೂರಕ್ಕೆ 75ಕ್ಕೆ ಇಳಿಸಿ. ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಹತ್ತುವುದು ಕಡಿಮೆ, ಕೋಣೆಯಲ್ಲಿ ಮೈಗೆ ಹತ್ತುತ್ತದೆ.

ಅಪ್ಪ ಅವ್ವ ನಿಮ್ಮ ಈ ಯಂತ್ರವನ್ನು ಬರೀ ದುಂದು ಎಂದು ಬೈಯುತ್ತಿರಬಹುದು. ನಾನು ಹಾಗೆನ್ನುವುದಿಲ್ಲ. ಇದೇ ಯಂತ್ರದಲ್ಲಿ ಕ್ಯಾಡ್ ಕಲಿತು ಉದ್ಯಮಬಾಗದ ಫೌಂಡ್ರಿಗಳಿಗೆ ಡಿಸೈನ್ ಮಾಡಿಕೊಟ್ಟ ಹುಡುಗರನ್ನು ನಾನು ಬಲ್ಲೆ. ಆಡಿರಿ, ಕಲಿಯಿರಿ. ಆಟ ಮುಗಿದ ಮೇಲೆ ಕೋಣೆ ಇನ್ನೂ ಬೆಚ್ಚಗಿರುತ್ತದೆ, ಗೋಡೆ ಹಿಡಿದಿಟ್ಟ ಕಾವು ನಿಧಾನಕ್ಕೆ ಬಿಡುತ್ತದೆ. ಆ ಒಂದು ತಾಸು ಪುಸ್ತಕಕ್ಕೆ ಕೊಡಿ. ಪಕ್ಕದ ರೂಮಿನವನಿಗೆ ಯಂತ್ರವಿಲ್ಲದಿದ್ದರೆ ಅವನನ್ನೂ ಓದಲು ಕರೆಯಿರಿ, ಒಬ್ಬ ಹೆಚ್ಚು ಬಂದರೆ 100 ವ್ಯಾಟ್ ಹೆಚ್ಚಾಯಿತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುವ ನಿಮ್ಮಲ್ಲಿ ಒಂದು ಬೇಡಿಕೆ. ಈ ಸಲದ ಮಿನಿ ಪ್ರಾಜೆಕ್ಟಿಗೆ ಎಲ್ಲರೂ ಹೊರಗಿನಿಂದ ಕೊಂಡು ತರುವ ಮಾದರಿಗಳ ಬದಲು ನಿಮ್ಮದೇ ರೂಮುಗಳನ್ನು ಅಳೆಯಿರಿ. ಸ್ಲ್ಯಾಬಿನ ರೂಮು ಒಂದು, ಖಾನಾಪುರದ ಹಂಚಿನ ಮನೆ ಒಂದು, ಪತ್ರಾಸಿನ ಶೆಡ್ಡು ಒಂದು. ಎಷ್ಟು ವ್ಯಾಟಿಗೆ ಎಷ್ಟು ಡಿಗ್ರಿ, ಎಷ್ಟು ತೇವ ಇಳಿಯಿತು ಎಂದು ಒಂದು ಚಳಿಗಾಲ, ಒಂದು ಮಳೆಗಾಲ ಬರೆದಿಡಿ. ಅಂಥ ಅಂಕಿಗಳಿದ್ದರೆ ರೂಮು ಕಟ್ಟಿಸುವ ಮಾಲಕರ ಮುಂದೆ ಇಡಬಹುದು.

ಮಾಲಕರಿಗೆ ಈಗಲೇ ಹೇಳಬೇಕಾದದ್ದೂ ಇದೆ. ನಾಳೆ ಬಾಡಿಗೆ ಕೊಡಲು ಹೋದಾಗ ವಿನಯದಿಂದ ಕೇಳಿ: ಪ್ರತಿ ರೂಮಿಗೂ ಮುಚ್ಚಿಹೋಗದ ಒಂದು ವೆಂಟಿಲೇಟರ್, 16 ಆಂಪಿಯರಿನ ಒಂದು ಸಾಕೆಟ್, ಸರಿಯಾದ ಅರ್ಥಿಂಗ್, ಒಡೆದ ಗಾಜಿಗೆ ಹೊಸ ಗಾಜು. ಇಷ್ಟನ್ನು ಕೇಳುವುದು ತಕರಾರಲ್ಲ. ಹಿರಿಯ ವಿದ್ಯಾರ್ಥಿಗಳು ಒಂದು ಜವಾಬ್ದಾರಿ ಹೊರಬೇಕು. ಈ ವರ್ಷ ಹೊಸದಾಗಿ ಊರಿಗೆ ಬಂದ ಹುಡುಗ ಹುಡುಗಿಯರ ರೂಮುಗಳಿಗೆ ಡಿಸೆಂಬರಿಗೆ ಮೊದಲು ಒಮ್ಮೆ ಹೋಗಿ, ಮೂಲೆಯಲ್ಲಿ ಶೆಗಡಿಯೋ ಇದ್ದಿಲ ಚೀಲವೋ ಕಂಡರೆ ಕೂತು ತಿಳಿಹೇಳಿ, ಅದನ್ನು ಹೊರಗೆ ಇಡಿಸಿ ಬನ್ನಿ. ಕಂಪ್ಯೂಟರೂ ಇಲ್ಲದ, ಹೀಟರೂ ಇಲ್ಲದ ಮಕ್ಕಳೇ ಕೆಂಡದ ಕಡೆ ಹೋಗುವುದು ಹೆಚ್ಚು. ಅವರಿಗೆ ನಿಮ್ಮ ಮನೆಯ ಒಂದು ಕೌದಿ ಕೊಡಿ, ಇಲ್ಲವೆ ನಿಮ್ಮ ಬೆಚ್ಚನೆಯ ರೂಮಿನಲ್ಲಿ ಹಾಸಿಗೆ ಹಾಕಿಕೊಡಿ.

ಇಂತಿ ನಿಮ್ಮ ಹಿತೈಷಿ,

ನಿವೃತ್ತ ಎಲೆಕ್ಟ್ರಿಕಲ್ ಉಪನ್ಯಾಸಕ
ಜಾಂಬೋಟಿ, ತಾ. ಖಾನಾಪುರ, ಜಿ. ಬೆಳಗಾವಿ